ಹೆರೆದ ಲೋಹ, ತೆತ್ತ ಬೆಲೆ

ದೀಪಾವಳಿಯ ಮಾರನೆಯ ಬೆಳಿಗ್ಗೆ ಹುಡುಗರು ಬೀದಿಯಲ್ಲಿ ಸಿಡಿಯದೆ ಉಳಿದ ಪಟಾಕಿಗಳನ್ನು ಆರಿಸಿ, ಅವುಗಳ ಸುತ್ತು ಬಿಚ್ಚಿ, ಒಳಗಿನ ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರುವುದನ್ನು ನೀವು ನೋಡಿರಬಹುದು. ಬುಸ್ಸೆಂದು ಒಂದು ಉರಿ ಎದ್ದು ಮದ್ದೆಲ್ಲ ಹೊಗೆಯಾಗಿ ಹೋಗುತ್ತದೆ, ಸದ್ದಿಲ್ಲ, ಸಿಡಿತವಿಲ್ಲ. ಅದೇ ಮದ್ದನ್ನು ಕಾಗದದಲ್ಲಿ ಗಿಡಿದು, ಹುರಿಯಿಂದ ಬಿಗಿದು ಕಟ್ಟಿದ್ದರೆ ಅದು ಬೀದಿಯನ್ನೇ ನಡುಗಿಸುತ್ತಿತ್ತು. ಮದ್ದು ಒಂದೇ, ಬೆಂಕಿಯೂ ಒಂದೇ, ವ್ಯತ್ಯಾಸವೆಲ್ಲ ಬಿಗಿತದಲ್ಲಿದೆ.

ಮೋಟಾರು ಎಂಜಿನಿನ ಗುಟ್ಟೂ ಬಹುಮಟ್ಟಿಗೆ ಇದೇ. ಪೆಟ್ರೋಲಿನ ಆವಿಯನ್ನೂ ಗಾಳಿಯನ್ನೂ ಬೆರೆಸಿ, ಸಿಲಿಂಡರಿನೊಳಗೆ ಎಷ್ಟು ಬಿಗಿಯಾಗಿ ಅದುಮಿ ಕಿಡಿ ತಾಕಿಸುತ್ತೇವೋ, ಅದರಿಂದ ಅಷ್ಟು ಹೆಚ್ಚಿನ ಕೆಲಸವನ್ನು ಪಡೆಯಬಹುದು. ಈ ಬಿಗಿತವನ್ನು ಹೆಚ್ಚಿಸುವುದಕ್ಕೆ ಮೆಕ್ಯಾನಿಕ್ಕುಗಳು ಬಹಳ ಕಾಲದಿಂದ ಬಳಸಿಕೊಂಡು ಬಂದಿರುವ ಒಂದು ಸುಲಭವಾದ ಉಪಾಯವಿದೆ. ಸಿಲಿಂಡರಿನ ಮೇಲಣ ಮುಚ್ಚಳವನ್ನು, ಎಂದರೆ ಹೆಡ್ಡನ್ನು, ಬಿಚ್ಚಿ ಅದರ ತಳವನ್ನು ಒಂದೆರಡು ಮಿಲಿಮೀಟರು ಹೆರೆದು ಮತ್ತೆ ಕೂರಿಸುವುದು. ಒಂದು ದಿನದ ಕೆಲಸ. ಹೆರೆದ ಲೋಹ ಒಂದು ಬೊಗಸೆಯೂ ಆಗಲಾರದು. ಆದರೆ ಆ ಬಿಗಿತವನ್ನು ಪೆಟ್ರೋಲು ತಾಳಿಕೊಳ್ಳುವಂತೆ ಮಾಡುವುದಕ್ಕಾಗಿ ಜಗತ್ತು ತೆತ್ತ ಬೆಲೆ ಬಹು ದೊಡ್ಡದು. ಆ ಲೆಕ್ಕವನ್ನು ಇಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲಿಗೆ ಎಂಜಿನುಗಳು ಏನನ್ನೂ ಅದುಮುತ್ತಿರಲಿಲ್ಲ. ೧೮೬೦ರಲ್ಲಿ ಪ್ಯಾರಿಸ್ ನಗರದಲ್ಲಿ ಎತಿಯೆನ್ ಲೆನ್ವಾರ್ ಎಂಬಾತನು ನಿರ್ಮಿಸಿದ ಅನಿಲ ಎಂಜಿನು, ಅನಿಲವನ್ನೂ ಗಾಳಿಯನ್ನೂ ಒಳಕ್ಕೆ ಎಳೆದುಕೊಂಡು, ಇದ್ದಂತೆಯೇ ಉರಿಸಿಬಿಡುತ್ತಿತ್ತು; ನಮ್ಮ ಹುಡುಗರು ಕಾಗದದ ಮೇಲೆ ಮದ್ದನ್ನು ಉರಿಸಿದ ಹಾಗೆ. ಅದು ನಡೆಯಿತೇನೋ ನಿಜ. ಆದರೆ ಅದರ ಹೊಟ್ಟೆಬಾಕತನಕ್ಕೆ ಮಿತಿಯಿರಲಿಲ್ಲ. ೧೮೬೨ರಲ್ಲಿ ಅದೇ ಫ್ರಾನ್ಸಿನ ಅಲ್ಫೋನ್ಸ್ ಬೋ ದ ರೋಶಾ ಎಂಬ ಎಂಜಿನಿಯರು, ಉರಿಸುವುದಕ್ಕೆ ಮುಂಚೆ ಮಿಶ್ರಣವನ್ನು ಸಾಧ್ಯವಾದಷ್ಟೂ ಅದುಮಬೇಕೆಂದೂ, ಹೀರು, ಅದುಮು, ಉರಿಸು, ಹೊರದೂಡು ಎಂದು ನಾಲ್ಕು ಹೆಜ್ಜೆಗಳಲ್ಲಿ ಕೆಲಸ ನಡೆಯಬೇಕೆಂದೂ ಬರೆದಿಟ್ಟನು. ಬರೆದನೇ ಹೊರತು ಮಾಡಿ ತೋರಿಸಲಿಲ್ಲ. ಮಾಡಿ ತೋರಿಸಿದವನು ಜರ್ಮನಿಯ ನಿಕೊಲಾಸ್ ಓಟೊ. ಕಲೋನ್ ನಗರದ ಬಳಿಯ ಡಾಯ್ಟ್ಸ್ ಎಂಬಲ್ಲಿ ೧೮೭೬ರಲ್ಲಿ ಅವನ ನಾಲ್ಕು ಹೆಜ್ಜೆಯ ಎಂಜಿನು ತಿರುಗತೊಡಗಿತು. ಹತ್ತು ವರ್ಷಗಳ ಮೇಲೆ, ೧೮೮೬ರಲ್ಲಿ, ಬೋ ದ ರೋಶಾನ ಹಳೆಯ ಬರೆಹವನ್ನು ಮುಂದೊಡ್ಡಿ ಎದುರಾಳಿಗಳು ಓಟೊನ ಪೇಟೆಂಟನ್ನು ರದ್ದುಗೊಳಿಸಿದರು. ಆದರೂ ಈ ಕ್ರಮಕ್ಕೆ ಇಂದಿಗೂ ಓಟೊನ ಹೆಸರೇ ಉಳಿದಿದೆ.

ಓಟೊನ ಎಂಜಿನು ಮಿಶ್ರಣವನ್ನು ಸುಮಾರು ಎರಡೂವರೆಯಲ್ಲಿ ಒಂದು ಪಾಲಿಗೆ ಅದುಮುತ್ತಿತ್ತು. ಈ ಲೆಕ್ಕವನ್ನು ಸಂಪೀಡನ ಪ್ರಮಾಣ ಎನ್ನುತ್ತಾರೆ. ಗ್ಯಾರೇಜಿನವರ ಮಾತಿನಲ್ಲಿ ಕಂಪ್ರೆಷನ್ ರೇಷಿಯೊ. ಪಿಸ್ಟನ್ನು ಕೆಳತುದಿಯಲ್ಲಿದ್ದಾಗ ಅದರ ಮೇಲಿರುವ ಜಾಗವೆಷ್ಟು, ಮೇಲ್ತುದಿಗೆ ಬಂದಾಗ ಉಳಿಯುವ ಜಾಗವೆಷ್ಟು, ಮೊದಲನೆಯದು ಎರಡನೆಯದರ ಎಷ್ಟರಷ್ಟು, ಇಷ್ಟೇ ಆ ಪ್ರಮಾಣ. ಶಾಖವನ್ನು ಕೆಲಸವಾಗಿ ಮಾರ್ಪಡಿಸುವ ಶಕ್ತಿ ಈ ಪ್ರಮಾಣವನ್ನು ಅವಲಂಬಿಸಿದೆ. ಉಷ್ಣಶಾಸ್ತ್ರದ ಆದರ್ಶ ಲೆಕ್ಕದಂತೆ ಪ್ರಮಾಣವು ೪ ಆಗಿದ್ದರೆ ಶಾಖದಲ್ಲಿ ನೂರಕ್ಕೆ ಸುಮಾರು ೪೩ ಪಾಲು ಕೆಲಸವಾಗಬಹುದು. ೬ ಆದರೆ ೫೧. ೮ ಆದರೆ ೫೬. ೧೦ ಆದರೆ ೬೦. ನಿಜವಾದ ಎಂಜಿನುಗಳಲ್ಲಿ ದೊರೆಯುವುದು ಇದಕ್ಕಿಂತ ಎಷ್ಟೋ ಕಡಮೆ. ಆದರೆ ಏರಿಕೆಯ ರೀತಿ ಮಾತ್ರ ಹೀಗೆಯೇ. ಒಂದು ಸಂಗತಿಯನ್ನು ಗಮನಿಸಿ: ಏಣಿಯ ಮೊದಲ ಮೆಟ್ಟಿಲುಗಳು ದೊಡ್ಡವು, ಮೇಲೆ ಹೋದಂತೆಲ್ಲ ಚಿಕ್ಕವಾಗುತ್ತವೆ. ಹಸಿದವನಿಗೆ ಮೊದಲ ತುತ್ತು ಕೊಟ್ಟ ಸುಖವನ್ನು ಹತ್ತನೆಯ ತುತ್ತು ಕೊಡಲಾರದು.

ಹೆಡ್ಡನ್ನು ಹೆರೆಯಬೇಕಾದರೆ ಅದು ಬಿಚ್ಚಲು ಬರುವಂತಿರಬೇಕಷ್ಟೆ. ಹಳೆಯ ಎಂಜಿನುಗಳಲ್ಲಿ ಎಷ್ಟೋ ವೇಳೆ ಸಿಲಿಂಡರೂ ಹೆಡ್ಡೂ ಒಂದೇ ಎರಕದಲ್ಲಿ ಇರುತ್ತಿದ್ದವು. ಅಮೆರಿಕದಲ್ಲಿ ಹೆನ್ರಿ ಫೋರ್ಡನು ೧೯೦೮ರಲ್ಲಿ ತಂದ ‘ಟಿ’ ಮಾದರಿಯ ಕಾರಿನಲ್ಲಿ ನಾಲ್ಕೂ ಸಿಲಿಂಡರುಗಳನ್ನು ಒಂದೇ ದಿಮ್ಮಿಯಾಗಿ ಎರೆದು, ಅದರ ಮೇಲೆ ಬಿಚ್ಚಲು ಬರುವ ಹೆಡ್ಡನ್ನು ಬೋಲ್ಟುಗಳಿಂದ ಬಿಗಿದಿದ್ದರು. ಲಕ್ಷಗಟ್ಟಲೆ ಕಾರುಗಳು ಹೀಗೆ ಬಂದ ಮೇಲೆ ರೈತನ ಕೊಟ್ಟಿಗೆಯಲ್ಲಿಯೂ ಒಂದು ಸ್ಪ್ಯಾನರಿನಿಂದ ಎಂಜಿನಿನ ಹೊಟ್ಟೆಯನ್ನು ತೆರೆದು ನೋಡುವುದು ಸಾಧ್ಯವಾಯಿತು. ತೆರೆದು ನೋಡಿದವನು ಸುಮ್ಮನಿರುತ್ತಾನೆಯೆ?

೧೯೩೨ರಲ್ಲಿ ಫೋರ್ಡ್ ಕಂಪೆನಿಯವರು ಎಂಟು ಸಿಲಿಂಡರುಗಳ ‘ವಿ-೮’ ಎಂಜಿನನ್ನು ಅಗ್ಗದ ಕಾರಿನಲ್ಲಿ ಇಟ್ಟು ಮಾರತೊಡಗಿದರು. ಅದರ ಸಂಪೀಡನ ಪ್ರಮಾಣ ೫.೫, ಶಕ್ತಿ ೬೫ ಕುದುರೆಗಳದು. ಕ್ಯಾಲಿಫೋರ್ನಿಯದ ಹುಡುಗರು ಹಳೆಯ ಕಾರುಗಳನ್ನು ಕಡಮೆ ಬೆಲೆಗೆ ಕೊಂಡು, ಬೇಡವಾದ ತಗಡನ್ನೆಲ್ಲ ಕಿತ್ತೊಗೆದು, ಹೆಡ್ಡುಗಳನ್ನು ಹೆರೆಸಿ, ಮರುಭೂಮಿಯ ಮರೋಕ್ ಎಂಬ ಒಣಕೆರೆಯ ಅಂಗಳಕ್ಕೆ ಒಯ್ದು ಓಡಿಸುತ್ತಿದ್ದರು. ೧೯೩೭ರಲ್ಲಿ ಅವರದೇ ಒಂದು ಸಂಘವೂ ಏರ್ಪಟ್ಟಿತು. ದುಡ್ಡಿದ್ದವನು ಹೊಸ ಹೆಡ್ಡು ಕೊಳ್ಳುತ್ತಿದ್ದ. ಇಲ್ಲದವನು ಇದ್ದುದನ್ನೇ ಹೆರೆಸುತ್ತಿದ್ದ. ಬಡವನ ವೇಗಕ್ಕೆ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ಈ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಹೆಡ್ಡನ್ನು ಬಿಚ್ಚಿ, ಮಸಿಯನ್ನು ಕೆರೆದು ತೆಗೆದು, ವಾಲ್ವು ಇರುವ ಹೆಡ್ಡಾದರೆ ವಾಲ್ವುಗಳನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಅವುಗಳ ಸ್ಥಾನದಲ್ಲಿ ಕೂರಿಸಿ, ಮಗುಚಿ ಮೇಜಿನ ಮೇಲೆ ಸಮತಟ್ಟಾಗಿ ಇಡುತ್ತಾರೆ. ಉರಿಕೋಣೆಯ ಬಾಯಿಯ ಮೇಲೆ, ನಡುವೆ ತೂತುಳ್ಳ ಒಂದು ಗಾಜಿನ ಹಲಗೆಯನ್ನು ಗ್ರೀಸು ಹಚ್ಚಿ ಮುಚ್ಚುತ್ತಾರೆ. ಅಳತೆಯ ಗಾಜಿನ ಕೊಳವೆಯಿಂದ ತೆಳು ಎಣ್ಣೆಯನ್ನು ತೂತಿನೊಳಕ್ಕೆ ಇಳಿಬಿಟ್ಟು, ಎಷ್ಟು ಹಿಡಿಯಿತೆಂದು ನೋಡುತ್ತಾರೆ. ಉಳಿದುದೆಲ್ಲ ಶಾಲೆಯ ಹುಡುಗನ ಲೆಕ್ಕ.

ವಾಲ್ವುಗಳು ಪಕ್ಕದಲ್ಲಿರುವ ಒಂದು ಹಳೆಯ ಎಂಜಿನಿನಲ್ಲಿ ಪಿಸ್ಟನ್ನು ಒಂದು ಸಲ ಏರಿದಾಗ ೩೦೦ ಘನ ಸೆಂಟಿಮೀಟರು ಜಾಗವನ್ನು ಕ್ರಮಿಸುತ್ತದೆನ್ನಿ. ಮೇಲೆ ಉಳಿಯುವ ಜಾಗ, ಗ್ಯಾಸ್ಕೆಟ್ಟಿನ ದಪ್ಪವೂ ಸೇರಿ, ೬೦. ಆಗ ಒಟ್ಟು ೩೬೦ನ್ನು ೬೦ಕ್ಕೆ ಅದುಮಿದಂತಾಯಿತು, ಪ್ರಮಾಣ ೬. ಅದನ್ನು ೭ಕ್ಕೆ ಏರಿಸಬೇಕಾದರೆ ಮೇಲಿನ ಜಾಗ ೫೦ಕ್ಕೆ ಇಳಿಯಬೇಕು. ಎಂದರೆ ೧೦ ಘನ ಸೆಂಟಿಮೀಟರು ಕಡಮೆಯಾಗಬೇಕು. ಉರಿಕೋಣೆಯ ಬಾಯಿಯ ವಿಸ್ತಾರ ೫೦ ಚದರ ಸೆಂಟಿಮೀಟರಾದರೆ ಹೆರೆಯಬೇಕಾದ ದಪ್ಪ ೨ ಮಿಲಿಮೀಟರು. ಹೆಡ್ಡನ್ನು ಮಿಲ್ಲಿಂಗ್ ಯಂತ್ರದ ಮೇಜಿಗೆ ಬಿಗಿದು, ತಿರುಗುವ ಕತ್ತಿಯ ಕೆಳಗೆ ನಿಧಾನವಾಗಿ ಸಾಗಿಸುತ್ತಾರೆ. ಒಂದೇ ಸಲಕ್ಕೆ ಹೆರೆಯದೆ, ತೆಳುಪದರವಾಗಿ ಹಲವು ಸಲ ಹೆರೆದು, ಕೊನೆಯದನ್ನು ಬಹಳ ನವುರಾಗಿ ಮುಗಿಸುತ್ತಾರೆ. ಇಷ್ಟೆಲ್ಲ ಮಾಡಿ ಗಳಿಸುವುದೆಷ್ಟು? ಮೇಲಿನ ಲೆಕ್ಕದಂತೆ ನೂರಕ್ಕೆ ಐದಾರು ಪಾಲು ಹೆಚ್ಚಿನ ಕೆಲಸ. ಅದೂ ಎಲ್ಲವೂ ನೆಟ್ಟಗಿದ್ದರೆ.

ನೆಟ್ಟಗಿಲ್ಲದಿರುವ ಸಂಭವಗಳು ಹಲವು. ಅತಿಯಾಗಿ ಹೆರೆದರೆ ಹೆಡ್ಡಿನ ತಳ ತೆಳ್ಳಗಾಗಿ, ಕಾವಿಗೆ ಸೊಟ್ಟಗಾಗುತ್ತದೆ. ಒಳಗೆ ನೀರು ಹರಿಯುವ ಕಾಲುವೆಯೇ ತೆರೆದುಕೊಳ್ಳಬಹುದು. ವಾಲ್ವು ಪಿಸ್ಟನ್ನಿಗೆ ತಾಕಬಹುದು. ‘ವಿ’ ಆಕಾರದ ಎಂಜಿನುಗಳಲ್ಲಿ ವಾಲ್ವುಗಳು ಹೆಡ್ಡಿನಲ್ಲಿದ್ದರೆ, ಎರಡು ಬದಿಯ ಹೆಡ್ಡುಗಳೂ ಕೆಳಗಿಳಿದು ನಡುವಣ ಕೊಳವೆಗಳ ಬಾಯಿಗೆ ಬಾಯಿ ಸೇರದೆ ಹೋಗಬಹುದು. ಹೆರೆದ ಲೋಹವನ್ನು ಮತ್ತೆ ಅಂಟಿಸಲಾಗದು. ಆದರೆ ಇವೆಲ್ಲವೂ ಕೈಚಳಕವುಳ್ಳ ಕೆಲಸಗಾರನು ನಿವಾರಿಸಬಹುದಾದ ತೊಡಕುಗಳು. ಅವನ ಕೈ ಮೀರಿದ ತೊಡಕು ಇನ್ನೊಂದುಂಟು. ಅದು ಹೆಡ್ಡಿನಲ್ಲಿಲ್ಲ, ಪೆಟ್ರೋಲಿನಲ್ಲಿದೆ.

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವೆಲ್ಲರೂ ಬಲ್ಲಿರಿ. ಅದುಮಿದ ಗಾಳಿ ಕಾಯುತ್ತದೆ. ಸಿಲಿಂಡರಿನಲ್ಲಿ ಕಿಡಿ ಹಾರಿದ ಮೇಲೆ ಉರಿ ಪ್ಲಗ್ಗಿನಿಂದ ಹೊರಟು, ಬಣವೆಗೆ ಹತ್ತಿದ ಬೆಂಕಿಯಂತೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುತ್ತ ಹೋಗಬೇಕು. ಆದರೆ ಮೊದಲೇ ಬಿಗಿಯಾಗಿ ಅದುಮಿ ಕಾದಿರುವ ಮಿಶ್ರಣ, ಹಬ್ಬುತ್ತಿರುವ ಉರಿಯ ಒತ್ತಡವೂ ಸೇರಿದಾಗ, ದೂರದ ಮೂಲೆಯಲ್ಲಿ ಉರಿ ತಲುಪುವ ಮೊದಲೇ ತಾನಾಗಿ ಒಮ್ಮೆಗೇ ಸಿಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಕಟಕಟ ಸದ್ದು ಕೇಳಿಸುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಅದು ಬಹಳ ಹೊತ್ತು ನಡೆದರೆ ಪಿಸ್ಟನ್ನು ಒಡೆಯುತ್ತದೆ, ಇಲ್ಲವೆ ಕರಗುತ್ತದೆ. ಹೀಗೆ ಎಂಜಿನಿನ ಶಕ್ತಿಗೆ ಎಲ್ಲೆ ಹಾಕುತ್ತಿದ್ದುದು ಕಬ್ಬಿಣವಲ್ಲ, ಎಣ್ಣೆ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಮೊದಲಿಗರು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ. ನಡೆಯುತ್ತಿರುವಾಗಲೇ ಸಂಪೀಡನ ಪ್ರಮಾಣವನ್ನು ಏರಿಸಿ ಇಳಿಸಬಹುದಾದ ಒಂದು ಪರೀಕ್ಷಾ ಎಂಜಿನನ್ನು ಅವರು ೧೯೧೯ರ ಸುಮಾರಿಗೆ ಕಟ್ಟಿದರು. ಒಂದೊಂದು ಬಗೆಯ ಪೆಟ್ರೋಲು ಎಲ್ಲಿಯವರೆಗೆ ಬಿಗಿತವನ್ನು ತಾಳುತ್ತದೆ, ಎಲ್ಲಿ ಸಿಡಿಯತೊಡಗುತ್ತದೆ ಎಂದು ಅದರಲ್ಲಿ ಅಳೆದರು. ಅಲ್ಲಿಯವರೆಗೆ ಹಗುರವಾದ ಪೆಟ್ರೋಲೇ ಉತ್ತಮ ಎಂಬ ನಂಬಿಕೆಯಿತ್ತು. ಬೋರ್ನಿಯೊ ದ್ವೀಪದ ಪೆಟ್ರೋಲು ಭಾರವೆಂದು ಅದನ್ನು ಕೀಳಾಗಿ ಕಾಣುತ್ತಿದ್ದರು. ಪರೀಕ್ಷಿಸಿ ನೋಡಿದರೆ ಬಿಗಿತವನ್ನು ತಾಳುವುದರಲ್ಲಿ ಅದೇ ಮೇಲು! ಕಲ್ಲಿದ್ದಲಿನಿಂದ ಬರುವ ಬೆಂಜಾಲ್ ಮತ್ತು ಮದ್ಯಸಾರ, ಇವೂ ಚೆನ್ನಾಗಿ ತಾಳುತ್ತವೆಂಬುದು ಆಗಲೇ ತಿಳಿದುಬಂದಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅದೇ ಕಾಲದಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಪ್ರಸಿದ್ಧ ಯಂತ್ರಜ್ಞನೂ ಇದೇ ಪ್ರಶ್ನೆಯನ್ನು ಹಿಡಿದಿದ್ದನು. ಕಾರಿಗೆ ವಿದ್ಯುತ್ ಸ್ಟಾರ್ಟರನ್ನು ತಂದುಕೊಟ್ಟವನು ಈತನೇ. ಅವನು ೧೯೧೬ರಲ್ಲಿ ಈ ಕೆಲಸವನ್ನು ಥಾಮಸ್ ಮಿಡ್ಗ್ಲಿ ಎಂಬ ತರುಣನಿಗೆ ಒಪ್ಪಿಸಿದನು. ಮಿಡ್ಗ್ಲಿ ಪೆಟ್ರೋಲಿಗೆ ಏನೇನನ್ನೋ ಬೆರೆಸಿ ನೋಡಿದನು. ಅಯೋಡಿನ್ ಫಲಿಸಿತು, ಆದರೆ ದುಬಾರಿ, ಲೋಹವನ್ನು ತಿನ್ನುವಂಥದು. ಅನಿಲಿನ್ ಫಲಿಸಿತು, ದುರ್ವಾಸನೆ. ಟೆಲ್ಯೂರಿಯಮ್ ಇನ್ನೂ ಚೆನ್ನಾಗಿ ಫಲಿಸಿತು. ಆದರೆ ಅದರ ಬೆಳ್ಳುಳ್ಳಿಯಂಥ ನಾತ ಮೈಗೆ ಹತ್ತಿದರೆ ಸ್ನಾನ ಮಾಡಿದರೂ ಬಿಡುತ್ತಿರಲಿಲ್ಲ. ಕೊನೆಗೆ ೧೯೨೧ರ ಡಿಸೆಂಬರ್ ೯ರಂದು ಸೀಸದ ಒಂದು ಸಂಯುಕ್ತವನ್ನು, ಟೆಟ್ರಈಥೈಲ್ ಲೆಡ್ ಎಂಬುದನ್ನು, ಬೆರೆಸಿದರು. ಕಟಕಟ ಸದ್ದು ನಿಂತುಹೋಯಿತು. ಸಾವಿರ ಪಾಲು ಪೆಟ್ರೋಲಿಗೆ ಒಂದು ಪಾಲಿಗಿಂತಲೂ ಕಡಮೆ ಸಾಕು!

ಮದ್ಯಸಾರವೂ ಈ ಕೆಲಸ ಮಾಡುತ್ತದೆಂಬುದನ್ನು ಮಿಡ್ಗ್ಲಿ ಅರಿಯದವನಲ್ಲ. ಆದರೆ ಅದನ್ನು ನೂರಕ್ಕೆ ಹತ್ತಿಪ್ಪತ್ತು ಪಾಲಿನಂತೆ ಬೆರೆಸಬೇಕು. ಯಾವ ರೈತನಾದರೂ ಬಟ್ಟಿ ಇಳಿಸಬಹುದಾದ ವಸ್ತುವಿಗೆ ಪೇಟೆಂಟು ಪಡೆದು ಲಾಭ ಗಳಿಸುವುದು ಕಷ್ಟ. ಸೀಸಕ್ಕೆ ಆ ತೊಂದರೆಗಳಿಲ್ಲ. ೧೯೨೩ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ಆರಂಭವಾಯಿತು. ಅದಕ್ಕೆ ‘ಈಥೈಲ್’ ಎಂದು ಹೆಸರಿಟ್ಟರು. ಸೀಸ ಎಂಬ ಮಾತು ಹೆಸರಿನಲ್ಲಿ ಎಲ್ಲಿಯೂ ಬರಲಿಲ್ಲ.

ಸೀಸ ವಿಷವೆಂಬುದು ಹೊಸ ಸಂಗತಿಯಾಗಿರಲಿಲ್ಲ. ಮಿಡ್ಗ್ಲಿಯೇ ಅದರಿಂದ ಕಾಯಿಲೆ ಬಿದ್ದು, ೧೯೨೩ರ ಆರಂಭದಲ್ಲಿ ಫ್ಲಾರಿಡಕ್ಕೆ ಹೋಗಿ ಸುಧಾರಿಸಿಕೊಳ್ಳಬೇಕಾಯಿತು. ೧೯೨೪ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಬೇವೇ ಎಂಬಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಕೆಲಸಗಾರರಿಗೆ ಹುಚ್ಚು ಕೆರಳಿತು. ಕಾಣದ ವಸ್ತುಗಳನ್ನು ಕಂಡಂತೆ ಭ್ರಮಿಸಿ ಒದ್ದಾಡಿದರು. ಐವರು ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಆ ತಿಂಗಳ ಕೊನೆಗೆ ಮಿಡ್ಗ್ಲಿ ಪತ್ರಿಕಾ ವರದಿಗಾರರನ್ನು ಕರೆಸಿ, ಅವರೆದುರಿಗೆ ಆ ದ್ರವದಿಂದ ಕೈ ತೊಳೆದುಕೊಂಡು, ಅದರ ಆವಿಯನ್ನು ಮೂಸಿ, ಭಯವೇನೂ ಇಲ್ಲವೆಂದು ಸಾರಿದನು. ತನಗೇ ಬಂದಿದ್ದ ಕಾಯಿಲೆ ಆಗ ಅವನ ನೆನಪಿಗೆ ಬರಲಿಲ್ಲವೆಂದು ಕಾಣುತ್ತದೆ.

೧೯೨೫ರ ಮೇ ತಿಂಗಳಿನಲ್ಲಿ ಮಾರಾಟವನ್ನು ನಿಲ್ಲಿಸಿ, ಸರಕಾರದವರು ವಿಚಾರಣೆ ನಡೆಸಿದರು. ಕೈಗಾರಿಕೆಯ ರೋಗಗಳಲ್ಲಿ ತಜ್ಞೆಯಾಗಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರೂ, ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್ ಅವರೂ ಬೀದಿಬೀದಿಯಲ್ಲಿ ಸೀಸದ ಧೂಳು ಹರಡುವುದೆಂದು ಎಚ್ಚರಿಸಿದರು. ಕೆಲವೇ ತಿಂಗಳು ಪರೀಕ್ಷೆ ನಡೆಸಿದ ಸಮಿತಿಯು, ನಿಷೇಧಿಸುವುದಕ್ಕೆ ಆಗ ಸಾಕಷ್ಟು ಆಧಾರವಿಲ್ಲವೆಂದು ೧೯೨೬ರಲ್ಲಿ ವರದಿ ಮಾಡಿತು. ಪರೀಕ್ಷೆ ಮುಂದುವರಿಯಬೇಕೆಂದೂ ಹೇಳಿತು. ಮಾರಾಟ ಮುಂದುವರಿಯಿತು; ಪರೀಕ್ಷೆಯನ್ನು ಕೈಗಾರಿಕೆಯವರಿಗೇ ಬಿಟ್ಟಂತಾಯಿತು. ವಸ್ತು ನಿರಪಾಯಕರವೆಂದು ಮಾರುವವನು ತೋರಿಸಬೇಕೋ, ಅಪಾಯಕರವೆಂದು ಉಸಿರಾಡುವವನು ತೋರಿಸಬೇಕೋ? ಅಂದು ಆ ಹೊರೆ ಉಸಿರಾಡುವವನ ಹೆಗಲಿಗೆ ಬಿದ್ದಿತು.

ಆ ಮೇಲೆ ಸಂಪೀಡನ ಪ್ರಮಾಣದ ಏರಾಟಕ್ಕೆ ತಡೆಯೇ ಉಳಿಯಲಿಲ್ಲ. ೧೯೩೨ರಲ್ಲಿ ೫.೫ ಇದ್ದುದು, ೧೯೪೯ರ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ೭.೨೫ ಆಯಿತು, ೧೯೬೦ರ ದಶಕದಲ್ಲಿ ಅಮೆರಿಕದ ದೊಡ್ಡ ಕಾರುಗಳಲ್ಲಿ ಹತ್ತನ್ನೂ ದಾಟಿತು. ಹುಡುಗರು ಹೆಡ್ಡು ಹೆರೆದು ಪಡೆಯುತ್ತಿದ್ದುದನ್ನು ಈಗ ಕಾರ್ಖಾನೆಯೇ ಎರಕದಲ್ಲಿ ಕೊಡುತ್ತಿತ್ತು. ಪ್ರತಿಯೊಂದು ಕಾರೂ ತನ್ನ ಹಿಂದಿನ ಕೊಳವೆಯಿಂದ ಕಣ್ಣಿಗೆ ಕಾಣದಷ್ಟು ನಯವಾದ ಸೀಸದ ಪುಡಿಯನ್ನು ಗಾಳಿಗೆ ಊದುತ್ತ ಹೋಗುತ್ತಿತ್ತು.

ಇದನ್ನು ಬಯಲಿಗೆಳೆದವನು ಮೋಟಾರಿನವನಲ್ಲ, ಭೂಮಿಯ ವಯಸ್ಸನ್ನು ಎಣಿಸಿದವನು. ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆದು, ಭೂಮಿಯ ವಯಸ್ಸು ಸುಮಾರು ೪೫೫ ಕೋಟಿ ವರ್ಷವೆಂದು ೧೯೫೬ರಲ್ಲಿ ಪ್ರಕಟಿಸಿದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿಗೆ ಒಂದು ತೊಂದರೆಯಿತ್ತು. ಎಷ್ಟು ತೊಳೆದರೂ ಅವನ ಪ್ರಯೋಗಶಾಲೆಯೊಳಕ್ಕೆ ಹೊರಗಿನಿಂದ ಸೀಸ ನುಗ್ಗುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋದವನು, ಸಾಗರದ ಮೇಲ್ಪದರದಲ್ಲಿಯೂ ಧ್ರುವಪ್ರದೇಶದ ಹಿಮದಲ್ಲಿಯೂ ಅದನ್ನು ಕಂಡನು. ಮನುಷ್ಯರ ಮೈಯಲ್ಲಿ ಇರುವ ಸೀಸ ಸಹಜವಾದುದಲ್ಲ, ನಾವೇ ಹರಡಿದ್ದು ಎಂದು ೧೯೬೫ರಲ್ಲಿ ಬರೆದನು. ವೈರಿಗಳನ್ನೂ ಕಟ್ಟಿಕೊಂಡನು.

೧೯೭೯ರಲ್ಲಿ ಹರ್ಬರ್ಟ್ ನೀಡ್ಲ್‌ಮನ್ ಎಂಬ ಮಕ್ಕಳ ವೈದ್ಯರು ಇನ್ನೊಂದು ಸಾಕ್ಷ್ಯವನ್ನು ತಂದರು. ಬಾಸ್ಟನ್ ಬಳಿಯ ಶಾಲೆಗಳ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಂದ ಉದುರಿದ ಹಾಲುಹಲ್ಲುಗಳನ್ನು ಬೇಡಿ ತಂದು, ಅವುಗಳಲ್ಲಿನ ಸೀಸವನ್ನು ಅಳೆದರು. ನಮ್ಮ ಮನೆಗಳಲ್ಲಿ ಮಕ್ಕಳು ಮಾಡಿನ ಮೇಲೆ ಎಸೆಯುವ ಹಲ್ಲುಗಳೇ ಅವು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಪಾಠದಲ್ಲಿ ಅವರ ಗಮನ ನಿಲ್ಲುತ್ತಿರಲಿಲ್ಲ. ಯಾವ ಮಗುವೂ ಕಾಯಿಲೆಯೆಂದು ಮಲಗಿರಲಿಲ್ಲ. ಗೋಡೆಯ ಹಳೆಯ ಬಣ್ಣದಿಂದಲೂ ಸೀಸ ಮಕ್ಕಳ ಮೈ ಸೇರುತ್ತಿತ್ತು, ನಿಜ. ಆದರೆ ಅಮೆರಿಕದಲ್ಲಿ ೧೯೭೬ರಿಂದ ೧೯೮೦ರೊಳಗೆ ಪೆಟ್ರೋಲಿನ ಸೀಸ ಇಳಿದಂತೆಲ್ಲ ಜನರ ರಕ್ತದಲ್ಲಿನ ಸೀಸವೂ ನೂರಕ್ಕೆ ಸುಮಾರು ೩೭ ಪಾಲು ಇಳಿಯಿತು. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಪೆಟ್ರೋಲಿನ ಸೀಸ ಇಳಿಯುವುದಕ್ಕೆ ದಾರಿಯಾದದ್ದು ಹೀಗೆ. ೧೯೭೧ರ ಮಾದರಿಗಳಿಂದ ಜನರಲ್ ಮೋಟಾರ್ಸಿನವರು ಸೀಸವಿಲ್ಲದ ಪೆಟ್ರೋಲಿಗೆ ಹೊಂದುವಂತೆ ತಮ್ಮ ಎಂಜಿನುಗಳ ಸಂಪೀಡನ ಪ್ರಮಾಣವನ್ನೇ ತಗ್ಗಿಸಿದರು. ಅರ್ಧ ಶತಮಾನ ಹತ್ತಿದ ಏಣಿಯನ್ನು ಇಳಿದಂತಾಯಿತು. ನಮ್ಮ ದೇಶದಲ್ಲಿ ೧೯೯೫ರ ಏಪ್ರಿಲಿನಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ಸೀಸರಹಿತ ಪೆಟ್ರೋಲು ಬಂದಿತು. ೧೯೯೯ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದು ಸೇರಿತು. ಬೆಂಗಳೂರೂ ಸೇರಿ ದೊಡ್ಡ ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸೀಸವು ಅಂದಿನ ಮಿತಿಯನ್ನು ಮೀರಿದ್ದುದು ಕಂಡುಬಂದಿತ್ತು. ೨೦೦೦ದ ಫೆಬ್ರವರಿಯಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಆಲ್ಜೀರಿಯ. ಅಲ್ಲಿ ನಿಂತದ್ದು ೨೦೨೧ರ ಜುಲೈಯಲ್ಲಿ. ಡೇಟನ್ನಿನ ಬಂಕಿನಿಂದ ಆಲ್ಜೀರಿಯದವರೆಗೆ ತೊಂಬತ್ತೆಂಟು ವರ್ಷ.

ಸೀಸ ಹೋದ ಮೇಲೆ ಎಂಜಿನುಗಳು ಸೊರಗಿದುವೆ? ಇಲ್ಲ. ತೈಲಶುದ್ಧಿಯ ಕ್ರಮ ಸುಧಾರಿಸಿತು. ಸಿಲಿಂಡರಿನೊಳಕ್ಕೇ ಪೆಟ್ರೋಲನ್ನು ಚಿಮ್ಮಿಸಿ ಮಿಶ್ರಣವನ್ನು ತಂಪಾಗಿಡುವ ಉಪಾಯ ಬಂದಿತು. ಕುಟ್ಟುವ ಸದ್ದನ್ನು ಆಲಿಸಿ, ಕಿಡಿಯನ್ನು ಒಡನೆಯೇ ಹಿಂದುಮುಂದು ಮಾಡುವ ವಿದ್ಯುತ್ ಕಿವಿಗಳು ಬಂದವು. ಜಪಾನಿನ ಮಾಜ್ದಾ ಕಂಪೆನಿಯವರು ೨೦೧೦ರ ದಶಕದ ಆರಂಭದಲ್ಲಿ ಪ್ರಮಾಣವನ್ನು ೧೪ರವರೆಗೆ ಏರಿಸಿದರು. ಆಗ ಅಗ್ಗದ ದಾರಿ ಹಿಡಿಯದೆ ಇದ್ದಿದ್ದರೆ ಈ ದಾರಿಗಳನ್ನು ಇನ್ನೂ ಬೇಗ ಹುಡುಕುತ್ತಿದ್ದೆವೋ ಏನೋ.

ಮದ್ಯಸಾರದ ಕಥೆಯನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲ. ೧೯೪೮ರಲ್ಲಿಯೇ ನಮ್ಮ ದೇಶದಲ್ಲಿ ‘ಪವರ್ ಆಲ್ಕೋಹಾಲ್’ ಕಾಯಿದೆ ಬಂದಿತ್ತು. ಕಾಕಂಬಿಯಿಂದ ತೆಗೆದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವುದು ಹೊಸ ಕಲ್ಪನೆಯೇನಲ್ಲ. ಈಗ ಅದೇ ಎಥನಾಲ್ ಎಂಬ ಹೆಸರಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನಂತೆ ನಮ್ಮ ಬಂಕುಗಳಿಗೆ ಬಂದಿದೆ. ಕುಟ್ಟುವುದನ್ನು ಅದು ತಡೆಯುತ್ತದೆ. ಅದರಲ್ಲಿ ಶಾಖ ಕಡಮೆಯಾದುದರಿಂದ ಲೀಟರಿಗೆ ಓಡುವ ದೂರ ಸ್ವಲ್ಪ ಕುಗ್ಗುತ್ತದೆ. ಕಬ್ಬು ಬೆಳೆಯುವುದಕ್ಕೆ ಬೇಕಾದ ನೀರಿನ ಲೆಕ್ಕವೂ ಉಂಟು. ಬೆಲೆಯಿಲ್ಲದ ವಸ್ತು ಯಾವುದೂ ಇಲ್ಲ. ಆದರೆ ಈ ಬೆಲೆ ಎಲ್ಲರ ಕಣ್ಣೆದುರಿಗಿದೆ. ಅದರ ವಿಷಯ ಚರ್ಚಿಸಬಹುದು. ಸೀಸದ ಬೆಲೆ ಮಕ್ಕಳ ಹಾಲುಹಲ್ಲಿನಲ್ಲಿ ಅಡಗಿತ್ತು.

ಹೆಡ್ಡನ್ನು ಹೆರೆಯುವ ಕೆಲಸ ಇಂದಿಗೂ ನಡೆದೇ ಇದೆ. ಹೆಚ್ಚಾಗಿ ಸೊಟ್ಟಗಾದ ಹೆಡ್ಡನ್ನು ಸಮ ಮಾಡುವುದಕ್ಕಾಗಿ, ಅಪರೂಪಕ್ಕೆ ವೇಗಕ್ಕಾಗಿ. ನಿಮ್ಮ ಮನೆಯ ಹಳೆಯ ಗಾಡಿಯ ಹೆಡ್ಡು ಎಂದಾದರೂ ಆ ಯಂತ್ರದ ಮೇಜನ್ನು ಏರಿದರೆ, ಎಷ್ಟು ಹೆರೆಯುತ್ತೀಯಪ್ಪ ಎಂದು ಕೇಳಿ. ಅನುಭವಿಯಾದ ಮೆಕ್ಯಾನಿಕ್ಕು ಉತ್ತರ ಕೊಡುವ ಮುಂಚೆ, ಯಾವ ಪೆಟ್ರೋಲು ಹಾಕುತ್ತೀರಿ ಎಂದು ನಿಮ್ಮನ್ನೇ ಕೇಳುತ್ತಾನೆ. ಆ ಪ್ರಶ್ನೆಯನ್ನು ೧೯೨೧ರಲ್ಲಿ ದೊಡ್ಡದೊಡ್ಡವರೂ ಕೇಳಿದರು. ಅದರ ಹೊಗೆಯನ್ನು ಯಾರು ಕುಡಿಯುತ್ತಾರೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳಿದ ಕೆಲವರ ಮಾತು ಮಾತ್ರ ನಡೆಯಲಿಲ್ಲ.